ಮನೆಯಲ್ಲೇ ಚರ್ಮ ಮತ್ತು ಹಲ್ಲಿನ ಆರೈಕೆ: ಎಲ್ಲಿ ಕೈ ತಪ್ಪುತ್ತದೆ, ಯಾವ ಕ್ರಮದಲ್ಲಿ ಮಾಡಬೇಕು

ದೂರುಗಳು ಹೆಚ್ಚೂಕಡಿಮೆ ಒಂದೇ ಥರ ಇರುತ್ತವೆ. ಮುಲಾಮು ಮರಳು ಮರಳಾಯಿತು. ಲೋಳೆಸರದ ಜೆಲ್ ಒಂದು ವಾರಕ್ಕೇ ನಾರಿತು. ಮುಖಕ್ಕೆ ನಿಂಬೆ ಹಚ್ಚಿದ್ದೆ, ಈಗ ಕಪ್ಪು ಕಲೆ ಬಿದ್ದಿದೆ. ಮನೆಯ ಹಲ್ಲುಪುಡಿಯಲ್ಲಿ ಉಜ್ಜಲು ಶುರು ಮಾಡಿದ ಮೇಲೆ ತಣ್ಣೀರು ಕುಡಿದರೆ ಹಲ್ಲು ಜುಂ ಅನ್ನುತ್ತದೆ.

ಹೀಗಾದಾಗ ಹೆಚ್ಚಿನವರು ಬೇರೆ ಪಾಕ ಹುಡುಕುತ್ತಾರೆ. ಆದರೆ ತಪ್ಪು ಪಾಕದಲ್ಲಿ ಇರುವುದು ಅಪರೂಪ. ಚಮಚದಲ್ಲಿ ಅಂದಾಜು ಅಳೆದಿರುತ್ತಾರೆ, ಎಲ್ಲೋ ಒಂದು ಕಡೆ ನೀರು ಸೇರಿಸಿಕೊಂಡಿರುತ್ತಾರೆ, ಇಲ್ಲಾಂದ್ರೆ ಒಂದೇ ದಿನ ನಾಲ್ಕು ಹೊಸ ವಸ್ತು ಶುರು ಮಾಡಿರುತ್ತಾರೆ. ಅದಕ್ಕೇ ಈ ಬರಹದಲ್ಲಿ ಪಾಕಗಳು ಕಡಿಮೆ, ಕ್ರಮ ಜಾಸ್ತಿ. ನೀರಿಲ್ಲದ ವಸ್ತು ಮೊದಲು, ನೀರಿರುವುದು ಆಮೇಲೆ, ಬಾಯಿಗೆ ಹೋಗುವುದು ಎಲ್ಲಕ್ಕಿಂತ ಕೊನೆಗೆ.

ಬಾಯಿ ಯಾಕೆ ಕೊನೆಗೆ? ಚರ್ಮದ ಮೇಲ್ಪದರ ಸುಮಾರು ನಾಲ್ಕು ವಾರಕ್ಕೊಮ್ಮೆ ಹೊಸದಾಗುತ್ತದೆ. ಸಣ್ಣ ಎಡವಟ್ಟನ್ನು ಅದು ಸರಿಮಾಡಿಕೊಳ್ಳುತ್ತದೆ. ಹಲ್ಲಿನ ಹೊರಗಿನ ಗಟ್ಟಿ ಪದರ, ಎನಾಮಲ್, ಹಾಗಲ್ಲ. ಒಮ್ಮೆ ಸವೆದರೆ ಮತ್ತೆ ಬೆಳೆಯುವುದೇ ಇಲ್ಲ.

ಹಂತ 1: ಏನು ಮಾಡಬಾರದು ಅಂತ ಮೊದಲು ತೀರ್ಮಾನಿಸಿ

ಮನೆಯಲ್ಲಿ ಚೆನ್ನಾಗಿ ಮಾಡಬಹುದಾದವು ಇವು: ಒಣ ಚರ್ಮಕ್ಕೆ ಮುಲಾಮು, ಮೈ ಮುಖ ತೊಳೆಯಲು ಪುಡಿ, ಬಾಯಿ ಮುಕ್ಕಳಿಸುವ ನೀರು, ದಿನಕ್ಕೆ ಒಂದು ಹೊತ್ತು ಉಜ್ಜಲು ಸಾದಾ ಹಲ್ಲುಪುಡಿ.

ಮನೆಯಲ್ಲಿ ಮಾಡಲೇಬಾರದ್ದು ಸನ್‌ಸ್ಕ್ರೀನ್. ಜಿಂಕ್ ಆಕ್ಸೈಡ್ ಪುಡಿಯನ್ನು ಎಣ್ಣೆಗೆ ಎಷ್ಟೇ ಕಲಕಿದರೂ ಅದು ಸಮನಾಗಿ ಹರಡುವುದಿಲ್ಲ, ಕಣ್ಣಿಗೆ ಕಾಣದ ಗಂಟುಗಳಾಗಿ ನಿಲ್ಲುತ್ತದೆ. ಹಚ್ಚಿದಾಗ ಒಂದು ಕಡೆ ರಕ್ಷಣೆ, ಪಕ್ಕದಲ್ಲೇ ಬರೀ ಚರ್ಮ. ಕೊಬ್ಬರಿ ಎಣ್ಣೆಯನ್ನು ಸನ್‌ಸ್ಕ್ರೀನ್ ಬದಲು ಹಚ್ಚಿಕೊಳ್ಳುವುದೂ ಅಷ್ಟೇ, ನಂಬಿ ಬಿಸಿಲಿಗೆ ಹೋಗುವಂಥದ್ದಲ್ಲ. ಕಣ್ಣಿಗೆ ಹಾಕುವ ಯಾವುದನ್ನೂ ಮನೆಯಲ್ಲಿ ಮಾಡಬೇಡಿ. ತೆರೆದ ಗಾಯ, ಕೀವು, ಎಕ್ಸಿಮಾ ಇರುವ ಜಾಗಕ್ಕೂ ಮನೆಯ ಪ್ರಯೋಗ ಬೇಡ.

ಇನ್ನು ಕೆಲವು ವಸ್ತುಗಳನ್ನು ಈಗಲೇ ಪಕ್ಕಕ್ಕಿಡಿ.

ನಿಂಬೆರಸ: ಪಿಎಚ್ ಅಂದರೆ ಆಮ್ಲದ ಅಳತೆ, 7ಕ್ಕಿಂತ ಕೆಳಗಿಳಿದಷ್ಟೂ ಆಮ್ಲ ಜಾಸ್ತಿ. ಆರೋಗ್ಯವಾದ ಚರ್ಮದ ಪಿಎಚ್ ಸುಮಾರು 5ರ ಆಸುಪಾಸು. ನಿಂಬೆರಸದ್ದು ಸುಮಾರು 2. ಉರಿಯುವುದು ಅದಕ್ಕೇ, "ಕೆಲಸ ಮಾಡ್ತಿದೆ" ಅಂತ ಅಲ್ಲ. ಇದಕ್ಕಿಂತ ಕೆಟ್ಟ ವಿಷಯ ಇನ್ನೊಂದಿದೆ. ನಿಂಬೆಜಾತಿಯ ಹಣ್ಣುಗಳಲ್ಲಿ ಫ್ಯುರನೋಕೌಮರಿನ್ ಎಂಬ ಅಂಶ ಇರುತ್ತದೆ. ಅದು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳಬಹುದು, ಆಮೇಲೆ ಉಳಿಯುವ ಕಪ್ಪು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಕಲೆ ಹೋಗಲಿ ಅಂತ ಹಚ್ಚಿದವರಿಗೇ ಕಲೆ ಬೀಳುವುದು ಹೀಗೆ.

ಮುಖಕ್ಕೆ ಅಡುಗೆ ಸೋಡಾ: ಇದು ಇನ್ನೊಂದು ತುದಿ. ಪಿಎಚ್ 8ಕ್ಕಿಂತ ಮೇಲೆ. ಒಂದೆರಡು ಸಲ ಮುಖ ನುಣುಪೆನಿಸುತ್ತದೆ, ಆಮೇಲೆ ಬಿಗಿದುಕೊಂಡು ಸಿಪ್ಪೆ ಏಳುತ್ತದೆ.

ಒರಟು ಸ್ಕ್ರಬ್: ಪುಡಿಮಾಡಿದ ಬೀಜ, ಚಿಪ್ಪು, ದಪ್ಪ ಸಕ್ಕರೆ, ಇವು ಪಾದಕ್ಕೆ ಸರಿ. ಮುಖಕ್ಕೆ ಬೇಡ.

ಇದ್ದಿಲು ಪುಡಿ ಮತ್ತು ಜೇಡಿಮಣ್ಣು ಬಾಯಿಗೆ ಬೇಡ. ಕಾರಣ ಹಂತ 8ರಲ್ಲಿದೆ.

ಹಂತ 2: ಸಾಮಾನು ಹೊಂದಿಸಿಕೊಳ್ಳಿ

ಒಂದೇ ಒಂದು ವಸ್ತು ಕೊಳ್ಳುವುದಾದರೆ 1 ಗ್ರಾಂ ತನಕ ಸರಿಯಾಗಿ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಕೊಳ್ಳಿ. ಜೇನುಮೇಣವನ್ನು ಚಮಚದಲ್ಲಿ ಅಳೆಯಲು ಆಗುವುದಿಲ್ಲ. ತುರಿದ ಮೇಣದ ಒಂದು ಚಮಚವೂ ಗಟ್ಟಿ ತುಂಡಿನ ಒಂದು ಚಮಚವೂ ಒಂದೇ ತೂಕ ಅಲ್ಲ ಅಲ್ವಾ? ಮುಲಾಮು ಒಮ್ಮೆ ಕಲ್ಲು, ಒಮ್ಮೆ ನೀರು ಆಗುವುದು ಇದರಿಂದಲೇ.

ಉಳಿದದ್ದು: ಬಿಸಿ ತಡೆಯುವ ಗಾಜಿನ ಅಥವಾ ಸ್ಟೀಲ್ ಪಾತ್ರೆ, ಅದು ಕೂರುವಷ್ಟು ಅಗಲದ ಇನ್ನೊಂದು ಪಾತ್ರೆ, ಅಗಲ ಬಾಯಿಯ ಗಾಜಿನ ಡಬ್ಬಿಗಳು, ತುಂಬ ಸಣ್ಣ ಕಣ್ಣಿನ ಜರಡಿ, ಒಣ ಮಿಕ್ಸಿ ಜಾರ್, ಲೇಬಲ್ ಅಂಟಿಸಲು ಕಾಗದ, ಪೆನ್ನು. ಡಬ್ಬಿ ದೊಡ್ಡದು ಬೇಡ. 50 ಗ್ರಾಂ ಹಿಡಿಯುವ ನಾಲ್ಕು ಡಬ್ಬಿ, 200 ಗ್ರಾಂನ ಒಂದು ಡಬ್ಬಿಗಿಂತ ಮೇಲು. ಒಂದು ಕೆಟ್ಟರೂ ಮೂರು ಉಳಿಯುತ್ತವೆ.

ಹಂತ 3: ತೊಳೆಯಿರಿ, ಅದಕ್ಕಿಂತ ಮುಖ್ಯವಾಗಿ ಒಣಗಿಸಿ

ಡಬ್ಬಿ, ಮುಚ್ಚಳ, ಚಮಚ ಎಲ್ಲವನ್ನೂ ಸೋಪು ಹಾಕಿ ತೊಳೆದು, ಗಾಜು ಮತ್ತು ಸ್ಟೀಲನ್ನು ಕುದಿಯುವ ನೀರಿನಲ್ಲಿ 10 ನಿಮಿಷ ಬಿಡಿ. ಆಮೇಲೆ ಬಟ್ಟೆಯಲ್ಲಿ ಒರೆಸಬೇಡಿ. ಒರೆಸುವ ಬಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೆಲ್ಲ ವಾಪಸ್ ಡಬ್ಬಿಗೆ ಬರುತ್ತವೆ. ಬೋರಲು ಹಾಕಿ, ನೀರು ಬಸಿದ ಮೇಲೆ ಮಗುಚಿ, ಪೂರ್ತಿ ಆರಲು ಬಿಡಿ.

ಮುಚ್ಚಳದ ಒಳಗಿನ ತಿರುಪಿನ ಗೆರೆಗಳಲ್ಲಿ ಹನಿ ನೀರು ಅಡಗಿರುತ್ತದೆ. ಬೆರಳು ಆಡಿಸಿ ನೋಡಿ. ಆ ಒಂದು ಹನಿ ಸಾಕು ಬೂಷ್ಟು ಹಿಡಿಯಲು.

ಹಂತ 4: ಮೊದಲ ವಸ್ತು, ಮುಲಾಮು

ಇಲ್ಲಿಂದಲೇ ಶುರು ಮಾಡಿ. ಇದರಲ್ಲಿ ನೀರಿಲ್ಲ, ಹಾಗಾಗಿ ಸುಲಭವಾಗಿ ಕೆಡುವುದಿಲ್ಲ. ಕೈ, ಕಾಲು, ಹಿಮ್ಮಡಿ, ತುಟಿ ಎಲ್ಲಕ್ಕೂ ಒಂದೇ ಮುಲಾಮು ಆಗುತ್ತದೆ.

ಬೇಕಾದದ್ದು: ಜೇನುಮೇಣ 20 ಗ್ರಾಂ, ಕೊಬ್ಬರಿ ಎಣ್ಣೆ 40 ಗ್ರಾಂ, ಬಾದಾಮಿ ಅಥವಾ ಸೂರ್ಯಕಾಂತಿ ಎಣ್ಣೆ 40 ಗ್ರಾಂ. ಬಾದಾಮಿಯಂಥ ಬೀಜಗಳ ಅಲರ್ಜಿ ಇದ್ದವರು ಸೂರ್ಯಕಾಂತಿ ಎಣ್ಣೆಯನ್ನೇ ಹಾಕಿ.

1. ಅಗಲದ ಪಾತ್ರೆಯಲ್ಲಿ ಎರಡು ಬೆರಳು ಎತ್ತರದಷ್ಟು ನೀರು ಕಾಯಿಸಿ. ಅದರೊಳಗೆ ಚಿಕ್ಕ ಪಾತ್ರೆ ಇಟ್ಟು ಮೇಣ ಹಾಕಿ. ನೇರ ಉರಿಯ ಮೇಲೆ ಮೇಣ ಕಾಯಿಸಬೇಡಿ, ಹೊತ್ತಿಕೊಳ್ಳಬಹುದು.

2. ಜೇನುಮೇಣ 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ನೀರು ಕುದಿಯಬೇಕಿಲ್ಲ, ಹಬೆಯಾಡಿದರೆ ಸಾಕು. ಮೇಣ ಕರಗಿದ ಮೇಲೆ ಎಣ್ಣೆಗಳನ್ನು ಹಾಕಿ. ತಣ್ಣನೆ ಎಣ್ಣೆ ಬಿದ್ದ ಕೂಡಲೇ ಮೇಣ ಬಿಳಿ ಬಿಳಿ ಗಂಟು ಕಟ್ಟುತ್ತದೆ. ಗಾಬರಿ ಬೇಡ, ಅಲ್ಲೇ ಬಿಡಿ, ಮತ್ತೆ ಕರಗುತ್ತದೆ. ಎಲ್ಲ ತಿಳಿಯಾದ ಮೇಲೆ ಇಳಿಸಿ.

3. ಡಬ್ಬಿಗೆ ಸುರಿಯುವ ಮುಂಚೆ ಒಂದು ಪರೀಕ್ಷೆ ಮಾಡಿ. ಒಂದು ಸ್ಟೀಲ್ ತಟ್ಟೆಯನ್ನು ಮೊದಲೇ ಫ್ರಿಜ್‌ನಲ್ಲಿ ಇಟ್ಟಿರಿ. ಅದರ ಮೇಲೆ ಅರ್ಧ ಚಮಚ ಬಿಡಿ. ಎರಡು ನಿಮಿಷಕ್ಕೆ ಗಟ್ಟಿಯಾಗುತ್ತದೆ. ಬೆರಳಿಂದ ಒತ್ತಿ ಎಳೆಯಿರಿ. ಉಗುರು ಬೇಕಾದಷ್ಟು ಗಟ್ಟಿ ಇದ್ದರೆ 5 ಗ್ರಾಂ ಎಣ್ಣೆ ಸೇರಿಸಿ. ಬೆರಳು ಮುಟ್ಟಿದ ಕೂಡಲೇ ಹರಿದರೆ 3 ಗ್ರಾಂ ಮೇಣ ಸೇರಿಸಿ ಮತ್ತೆ ಕರಗಿಸಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯಲ್ಲೇ ಕರಗುವುದರಿಂದ ಸೆಕೆಗಾಲಕ್ಕೆ ಮಾಡುವ ಮುಲಾಮಿಗೆ ಮೇಣ ಸ್ವಲ್ಪ ಜಾಸ್ತಿಯೇ ಬೇಕು. ಈ ಎರಡು ನಿಮಿಷ ಉಳಿಸಲು ಹೋಗಿ ನಾನು ಒಂದು ಪೂರ್ತಿ ಬ್ಯಾಚನ್ನು ಚಾಕುವಿನಲ್ಲಿ ಕೆತ್ತಿ ಹಚ್ಚಿಕೊಂಡಿದ್ದೇನೆ.

4. ಪಾತ್ರೆಯ ಅಂಚಿನಲ್ಲಿ ಮಸುಕು ಪದರ ಕಟ್ಟಲು ಶುರುವಾದಾಗ ಡಬ್ಬಿಗೆ ಸುರಿಯಿರಿ. ತೀರಾ ಬಿಸಿ ಇದ್ದಾಗ ಸುರಿದರೆ ನಡುವೆ ಗುಳಿ ಬೀಳುತ್ತದೆ.

5. ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ಹಾಕಬೇಡಿ. ಬೆಚ್ಚಗಿರುವಾಗಲೇ ಮುಚ್ಚಿದರೆ ಗಾಳಿಯ ತೇವ ಮುಚ್ಚಳದ ಒಳಗೆ ಬೆವರಿನಂತೆ ಕೂತು ಮುಲಾಮಿನ ಮೇಲೆ ಹನಿಯುತ್ತದೆ. "ನೀರೇ ಹಾಕಿಲ್ಲ, ಆದರೂ ಬೂಷ್ಟು ಬಂತು" ಅನ್ನುವವರ ಡಬ್ಬಿಯಲ್ಲಿ ಆಗಿದ್ದು ಬಹುಪಾಲು ಇದೇ. ಮೇಲೆ ತೆಳು ಬಟ್ಟೆ ಹೊದಿಸಿ ರಾತ್ರಿಯಿಡೀ ಬಿಡಿ.

ಮರಳು ಮರಳಾದರೆ? ಶಿಯಾ ಬೆಣ್ಣೆ, ಕೋಕೋ ಬೆಣ್ಣೆ ಹಾಕಿದವರಿಗೆ ಇದು ಆಗುತ್ತದೆ. ನಿಧಾನವಾಗಿ ಆರಿದಾಗ ಅವುಗಳಲ್ಲಿನ ಕೆಲವು ಕೊಬ್ಬುಗಳು ಬೇರೆಯಾಗಿ ಹರಳುಗಟ್ಟುತ್ತವೆ. ಕೆಟ್ಟಿಲ್ಲ, ಎಸೆಯಬೇಡಿ. ಮತ್ತೆ ಪೂರ್ತಿ ಕರಗಿಸಿ, ಡಬ್ಬಿಗೆ ಸುರಿದು ಮುಚ್ಚದೆ ಫ್ರಿಜ್‌ನಲ್ಲಿಟ್ಟು ಬೇಗ ಗಟ್ಟಿ ಮಾಡಿ. ಹೊರಗೆ ತೆಗೆದ ಕೂಡಲೇ ಮೇಲ್ಮೈ ಮೇಲೆ ತೇವ ಕೂತಿದ್ದರೆ ಒಣ ಹತ್ತಿಯಲ್ಲಿ ಒತ್ತಿ ತೆಗೆಯಿರಿ.

ಪರಿಮಳದ ಎಣ್ಣೆ ಬೇಕೇ ಬೇಕು ಅನ್ನುವವರಿಗೆ: 30 ಗ್ರಾಂ ಮುಲಾಮಿಗೆ 6 ಹನಿ ಅಂದರೆ ಸುಮಾರು 1 ಶೇಕಡ. ಮೈಗೆ ಅಷ್ಟು ಸಾಕು, ಮುಖಕ್ಕೆ ಅದರರ್ಧ. ದಾಲ್ಚಿನ್ನಿ, ಲವಂಗದ ಎಣ್ಣೆ ಚರ್ಮಕ್ಕೆ ಬೇಡ, ಅಲರ್ಜಿ ಎಬ್ಬಿಸುವುದರಲ್ಲಿ ಇವು ಮುಂದು. ಹಿಂಡಿ ತೆಗೆದ ನಿಂಬೆಸಿಪ್ಪೆಯ ಎಣ್ಣೆಗೂ ಮೇಲೆ ಹೇಳಿದ ಬಿಸಿಲಿನ ತೊಂದರೆ ಇದೆ. ನನ್ನನ್ನು ಕೇಳಿದರೆ ಮೊದಲ ಬ್ಯಾಚಿಗೆ ಪರಿಮಳವೇ ಬೇಡ. ಆಮೇಲೆ ತುರಿಕೆ ಬಂದರೆ ಯಾವುದರಿಂದ ಬಂತು ಅಂತ ಹುಡುಕುವ ಕಷ್ಟ ಇರುವುದಿಲ್ಲ.

ಹಚ್ಚುವ ರೀತಿ: ಮುಲಾಮು ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಹೋಗದಂತೆ ತಡೆಯುತ್ತದೆ ಅಷ್ಟೇ. ಆದ್ದರಿಂದ ಸ್ನಾನವಾಗಿ ಮೈ ಇನ್ನೂ ಸ್ವಲ್ಪ ಒದ್ದೆ ಇರುವಾಗಲೇ ಹಚ್ಚಿ. ಎರಡೂ ಕೈಗೆ ಬಟಾಣಿ ಗಾತ್ರದಷ್ಟು ಸಾಕು. ಜಿಡ್ಡು ಅನ್ನುವವರು ಅದರ ನಾಲ್ಕರಷ್ಟು ಹಚ್ಚಿಕೊಂಡಿರುತ್ತಾರೆ. ಮುಖದಲ್ಲಿ ಮೊಡವೆ ಏಳುವವರು ಇದನ್ನು ಮುಖಕ್ಕೆ ಹಚ್ಚಬೇಡಿ, ಕೊಬ್ಬರಿ ಎಣ್ಣೆ ರಂಧ್ರ ಮುಚ್ಚಬಹುದು.

ಹಂತ 5: ಹಚ್ಚುವ ಮುಂಚೆ ಚರ್ಮ ಪರೀಕ್ಷೆ

ಎಲ್ಲರೂ ಹಾರಿಸುವ ಹಂತ ಇದೇ. ಐದು ನಿಮಿಷ ಹಚ್ಚಿ ನೋಡಿ, ಏನೂ ಆಗಲಿಲ್ಲ ಅಂತ ಮುಖಕ್ಕೆ ಬಳಿದುಕೊಳ್ಳುತ್ತಾರೆ. ಅಲರ್ಜಿ ಐದು ನಿಮಿಷಕ್ಕೆ ಬರಲೇಬೇಕೆಂದಿಲ್ಲ. ಎರಡನೇ ದಿನ, ಕೆಲವೊಮ್ಮೆ ವಾರದ ಬಳಿಕ ಕಾಣಿಸಿಕೊಳ್ಳುತ್ತದೆ.

ಮೊಣಕೈಯ ಒಳಬದಿಯಲ್ಲಿ ನಾಣ್ಯದಗಲ ಜಾಗ ಆರಿಸಿ. ದಿನಕ್ಕೆ ಎರಡು ಸಲ ಅದೇ ಜಾಗಕ್ಕೆ ಹಚ್ಚಿ. ಹೀಗೆ 7ರಿಂದ 10 ದಿನ. ತೊಳೆಯುವ ಪುಡಿಯಾದರೆ ಐದು ನಿಮಿಷ ಬಿಟ್ಟು ತೊಳೆಯಿರಿ. ಕೆಂಪು, ತುರಿಕೆ, ಊತ ಏನೂ ಇಲ್ಲದಿದ್ದರೆ ಮಾತ್ರ ಮುಂದೆ ಹೋಗಿ.

ಒಂದು ವಸ್ತು ಪಾಸಾದ ಮೇಲೆ ಇನ್ನೊಂದು. ಎರಡನ್ನು ಒಟ್ಟಿಗೆ ಶುರು ಮಾಡಬೇಡಿ. ನಿಧಾನ ಅನ್ನಿಸುತ್ತದೆ ನಿಜ, ಆದರೆ ಮುಖ ಕೆಂಪಾಗಿ ಊದಿದಾಗ ಯಾವುದನ್ನು ನಿಲ್ಲಿಸಬೇಕು ಅಂತ ಗೊತ್ತಿರುತ್ತದೆ.

ಹಂತ 6: ತೊಳೆಯಲು ಓಟ್ಸ್ ಪುಡಿ

ಸೂಕ್ಷ್ಮ ಚರ್ಮಕ್ಕೆ ನಾನು ಮೊದಲು ಹೇಳುವುದು ಇದನ್ನೇ. ನುಣ್ಣಗೆ ಪುಡಿಮಾಡಿದ ಓಟ್ಸನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2003ರಲ್ಲಿ ಚರ್ಮರಕ್ಷಕ ವಸ್ತುಗಳ ಪಟ್ಟಿಗೆ ಸೇರಿಸಿದೆ. ಅಡುಗೆಮನೆಯ ಸಾಮಾನುಗಳಲ್ಲಿ ಅಂಥ ಮಾನ್ಯತೆ ಇರುವವು ಕಡಿಮೆ.

ಸಕ್ಕರೆ, ಪರಿಮಳ ಸೇರಿಸದ ಸಾದಾ ಓಟ್ಸ್ ಒಂದು ಬಟ್ಟಲು ತೆಗೆದುಕೊಳ್ಳಿ. ಪೂರ್ತಿ ಒಣಗಿದ ಮಿಕ್ಸಿ ಜಾರಿನಲ್ಲಿ ಬಿಟ್ಟು ಬಿಟ್ಟು ಓಡಿಸಿ. ಒಂದೇ ಸಮನೆ ಓಡಿಸಿದರೆ ಜಾರ್ ಬಿಸಿಯಾಗಿ ಪುಡಿ ತಳಕ್ಕೆ ಅಂಟುತ್ತದೆ. ಜರಡಿ ಹಿಡಿದು, ಮೇಲೆ ಉಳಿದ ತರಿಯನ್ನು ಮತ್ತೆ ಪುಡಿಮಾಡಿ.

ನುಣುಪು ಸಾಕೋ ಇಲ್ಲವೋ ಅಂತ ಕೈಗೆ ಗೊತ್ತಾಗುವುದಿಲ್ಲ. ಒಂದು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಕಲಕಿ. ನೀರು ಹಾಲಿನಂತೆ ಬೆಳ್ಳಗಾಗಿ ಸ್ವಲ್ಪ ಹೊತ್ತು ಹಾಗೇ ನಿಂತರೆ ಸರಿ. ಪುಡಿ ತಳಕ್ಕಿಳಿದು ಮೇಲೆ ನೀರು ತಿಳಿಯಾದರೆ ಇನ್ನೂ ನುಣ್ಣಗಾಗಬೇಕು.

ಬಳಸುವಾಗ ಒಂದು ಚಮಚ ಪುಡಿಯನ್ನು ಒಣ ಅಂಗೈಗೆ ಹಾಕಿ, ನೀರು ಹನಿಸಿ ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ. ಒದ್ದೆ ಮುಖದ ಮೇಲೆ ಅರ್ಧ ನಿಮಿಷ ಮೆಲ್ಲಗೆ ಆಡಿಸಿ, ತೊಳೆಯಿರಿ. ಒಣಗಲು ಬಿಡಬೇಡಿ, ಉಜ್ಜಿ ಕೀಳಬೇಡಿ. ನೊರೆ ಬರುವುದಿಲ್ಲ. ನೊರೆ ಇಲ್ಲದೆ ತೊಳೆದ ಹಾಗೆ ಅನಿಸಲ್ಲ ಅನ್ನುವವರು ಒಂದು ವಾರ ತಡೆದು ನೋಡಿ. ನೀರಿಗೆ ಹೋಗದ ಮೇಕಪ್ ಇದಕ್ಕೆ ಬಗ್ಗುವುದಿಲ್ಲ. ಅದನ್ನು ಮೊದಲು ಎಣ್ಣೆ ಹಚ್ಚಿದ ಹತ್ತಿಯಲ್ಲಿ ಒರೆಸಿ.

ಪುಡಿ ಒಣಗಿದ್ದಷ್ಟು ದಿನ ಡಬ್ಬಿಯಲ್ಲಿ ಎರಡು ಮೂರು ತಿಂಗಳು ಇರುತ್ತದೆ. ಕಲಸಿ ಉಳಿದದ್ದನ್ನು ಎತ್ತಿಡಬೇಡಿ. ಒದ್ದೆ ಕೈಯನ್ನು ಡಬ್ಬಿಯೊಳಗೆ ಹಾಕಬೇಡಿ. ಓಟ್ಸ್ ತಿಂದರೆ ಅಲರ್ಜಿ ಆಗುವವರಿಗೆ ಈ ಪುಡಿ ಅಲ್ಲ.

ಹಂತ 7: ನೀರಿರುವ ವಸ್ತುಗಳು

ಇಲ್ಲಿ ಆಟದ ನಿಯಮ ಬದಲಾಗುತ್ತದೆ. ನೀರು ಇದ್ದ ಕಡೆ ಬ್ಯಾಕ್ಟೀರಿಯಾ, ಬೂಷ್ಟು ಬೆಳೆದೇ ಬೆಳೆಯುತ್ತವೆ. ವಿಟಮಿನ್ ಇ ಹಾಕಿದ್ದೇನೆ, ಕೆಡಲ್ಲ ಅನ್ನುವ ಮಾತು ತುಂಬ ಕೇಳುತ್ತದೆ. ವಿಟಮಿನ್ ಇ ಎಣ್ಣೆ ಕಮಟಾಗುವುದನ್ನು ನಿಧಾನಿಸುತ್ತದೆ. ಸೂಕ್ಷ್ಮಜೀವಿಗಳನ್ನು ತಡೆಯುವುದಿಲ್ಲ. ಹನಿ ಎರಡು ಹನಿ ಪರಿಮಳದ ಎಣ್ಣೆಯೂ ತಡೆಯುವುದಿಲ್ಲ. ಕಣ್ಣಿಗೆ ಕಾಣುವಷ್ಟು ಬೂಷ್ಟು ಬರುವ ಎಷ್ಟೋ ಮುಂಚೆಯೇ ಅದು ಕೆಟ್ಟಿರುತ್ತದೆ.

ಲೋಳೆಸರ ಜೆಲ್ ಮಾಡುವುದಾದರೆ ಎಲೆ ಕತ್ತರಿಸಿದ ಕೂಡಲೇ ತಿರುಳು ತೆಗೆಯಬೇಡಿ. ಕತ್ತರಿಸಿದ ತುದಿ ಕೆಳಗೆ ಬರುವಂತೆ ಎಲೆಯನ್ನು ಲೋಟದಲ್ಲಿ 15 ನಿಮಿಷ ನಿಲ್ಲಿಸಿ. ಹಳದಿ ರಸ ಒಂದು ಇಳಿಯುತ್ತದೆ, ನೋಡಿ. ಲೋಳೆಸರ ಹಚ್ಚಿ ತುರಿಕೆ ಬಂತು ಅನ್ನುವವರಲ್ಲಿ ಅನೇಕರಿಗೆ ತೊಂದರೆ ಕೊಟ್ಟಿದ್ದು ಜೆಲ್ ಅಲ್ಲ, ಸಿಪ್ಪೆಯಡಿಯ ಈ ರಸ. ಅದನ್ನು ಚೆಲ್ಲಿ, ಎಲೆ ತೊಳೆದು, ಸಿಪ್ಪೆ ದಪ್ಪವಾಗಿ ಹೆರೆದು, ಗಾಜಿನಂಥ ತಿರುಳನ್ನಷ್ಟೇ ತೆಗೆದು ಮತ್ತೊಮ್ಮೆ ತೊಳೆಯಿರಿ. ಆಮೇಲೆ ಅರೆಯಿರಿ.

ಫ್ರಿಜ್‌ನಲ್ಲಿ ನಾಲ್ಕು ದಿನ. ಐದನೇ ದಿನ ಚೆನ್ನಾಗಿ ಕಂಡರೂ ಚೆಲ್ಲಿ. ಜಾಸ್ತಿ ಇದ್ದರೆ ಐಸ್ ತಟ್ಟೆಯಲ್ಲಿ ಹಾಕಿ ಫ್ರೀಜರ್‌ಗೆ ಸೇರಿಸಿ, ದಿನಕ್ಕೊಂದು ಗಟ್ಟಿ ತೆಗೆದು ಕರಗಿಸಿ ಬಳಸಿ. ಐಸನ್ನೇ ಮುಖಕ್ಕೆ ಉಜ್ಜಬೇಡಿ.

ಗ್ಲಿಸರಿನ್ ಬಳಸುವವರು ಒಂದು ಪಾಲು ಗ್ಲಿಸರಿನ್‌ಗೆ ಒಂಬತ್ತು ಪಾಲು ನೀರು ಹಾಕಿ ಆ ಹೊತ್ತಿಗೆ ಬೇಕಾದಷ್ಟೇ ಬೆರೆಸಿಕೊಳ್ಳಿ. ಹಾಗೇ ಹಚ್ಚಿದರೆ ಒಣಹವೆಯಲ್ಲಿ ಅದು ಚರ್ಮದ ನೀರನ್ನೇ ಎಳೆಯುತ್ತದೆ.

ಹಂತ 8: ಬಾಯಿಗೆ ಬರೋಣ, ಮೊದಲು ಮುಕ್ಕಳಿಸುವ ನೀರು

ಉಪ್ಪುನೀರು: ಒಂದು ಲೋಟ, ಅಂದರೆ 240 ಮಿಲಿ ಬೆಚ್ಚಗಿನ ನೀರಿಗೆ ಅರ್ಧ ಚಹಾ ಚಮಚ ಉಪ್ಪು. ಹರಳು ಪೂರ್ತಿ ಕರಗಬೇಕು. ಅರ್ಧ ನಿಮಿಷ ಮುಕ್ಕಳಿಸಿ ಉಗಿಯಿರಿ. ವಸಡು ನೋಯುವಾಗ, ಬಾಯಿ ಹುಣ್ಣಾದಾಗ ದಿನಕ್ಕೆ ಎರಡು ಮೂರು ಸಲ. ಉಪ್ಪು ಜಾಸ್ತಿ ಹಾಕಿದರೆ ಗುಣ ಜಾಸ್ತಿ ಆಗುವುದಿಲ್ಲ, ಉರಿ ಜಾಸ್ತಿ ಆಗುತ್ತದೆ.

ಸೋಡಾನೀರು: ಅದೇ ಒಂದು ಲೋಟಕ್ಕೆ ಅರ್ಧ ಚಮಚ ಅಡುಗೆ ಸೋಡಾ. ಮುಖಕ್ಕೆ ಬೇಡ ಅಂದ ಸೋಡಾ ಇಲ್ಲಿ ಒಳ್ಳೆಯ ಕೆಲಸ ಮಾಡುತ್ತದೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗಲು ಶುರುವಾಗುತ್ತದೆ. ಸೋಡಾ ಆ ಆಮ್ಲವನ್ನು ತಣಿಸುತ್ತದೆ. ಹುಳಿ ಪಾನೀಯ ಕುಡಿದಾಗ, ವಾಂತಿಯಾದಾಗ ಇದರಲ್ಲಿ ಮುಕ್ಕಳಿಸಿ. ಆಗಲೇ ಬ್ರಷ್ ಹಿಡಿಯಬೇಡಿ. ಆಮ್ಲಕ್ಕೆ ಮೆತ್ತಗಾದ ಎನಾಮಲನ್ನು ಬ್ರಷ್ ಕೆರೆದು ತೆಗೆಯುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಿ.

ಎರಡನ್ನೂ ಬೇಕಾದಾಗಲೆಲ್ಲ ಹೊಸದಾಗಿ ಮಾಡಿಕೊಳ್ಳಿ. ಬಾಟಲಿಯಲ್ಲಿ ತುಂಬಿಡುವ ಅಗತ್ಯವೇ ಇಲ್ಲ.

ಈಗ ಇದ್ದಿಲಿನ ವಿಷಯ. ಕಪ್ಪು ಪುಡಿಯಲ್ಲಿ ಉಜ್ಜಿ ತೊಳೆದಾಗ ಹಲ್ಲು ಬೆಳ್ಳಗೆ ಕಾಣುತ್ತದೆ, ಮೇಲಿನ ಕಲೆ ಕೆರೆದು ಹೋಗಿರುತ್ತದೆ. ಕಲೆಯ ಜತೆ ಎನಾಮಲೂ ಸವೆಯಬಹುದು. ಎನಾಮಲ್ ತೆಳುವಾದಂತೆ ಒಳಗಿನ ಹಳದಿ ಡೆಂಟಿನ್ ಕಾಣಿಸಿ ಹಲ್ಲು ಮೊದಲಿಗಿಂತ ಹಳದಿಯಾಗುತ್ತದೆ. ಆಗ ಇನ್ನಷ್ಟು ಉಜ್ಜುತ್ತಾರೆ. ಇದ್ದಿಲು ಹಲ್ಲನ್ನು ಬೆಳ್ಳಗೆ ಮಾಡುತ್ತದೆ, ಸುರಕ್ಷಿತ ಅನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು 2017ರಲ್ಲಿ ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯಲ್ಲಿ ಬಂದ ವಿಮರ್ಶೆಯೂ ಹೇಳಿತ್ತು. ನಾನು ಎರಡು ವಾರ ಬಳಸಿದಾಗ ವಸಡಿನ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಬೂದು ಗೆರೆ ಕೂತಿತ್ತು. ಬಿಟ್ಟ ಮೇಲೂ ಬಹಳ ದಿನ ಹೋಗಲಿಲ್ಲ. ಜೇಡಿಮಣ್ಣಿನಲ್ಲಿ ಗಟ್ಟಿ ಮರಳಿನ ಕಣಗಳಿರಬಹುದು, ಸೀಸವೂ ಇರಬಹುದು. ಅದು ಬಾಯಿಗೆ ಬೇಡ.

ಹಂತ 9: ಹಲ್ಲುಪುಡಿ

ಮೊದಲೇ ಹೇಳಿಬಿಡುತ್ತೇನೆ. ಇದು ಬೆಳಗಿನ ಹೊತ್ತಿಗೆ ಮಾತ್ರ. ರಾತ್ರಿ ಮಲಗುವ ಮುಂಚೆ ಫ್ಲೋರೈಡ್ ಇರುವ ಪೇಸ್ಟಿನಲ್ಲೇ ಉಜ್ಜಿ. ದೊಡ್ಡವರಿಗೆ 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು ಫ್ಲೋರೈಡ್) ಇರುವುದು ಸಾಮಾನ್ಯ. ಫ್ಲೋರೈಡ್ ಸೇರಿಕೊಂಡ ಎನಾಮಲ್ ಪಿಎಚ್ ಸುಮಾರು 4.5ಕ್ಕೆ ಇಳಿಯುವ ತನಕ ತಡೆಯುತ್ತದೆ. ಮನೆಯಲ್ಲಿ ಮಾಡುವ ಯಾವ ಪುಡಿಯೂ ಆ ಕೆಲಸ ಮಾಡುವುದಿಲ್ಲ. ಹುಳುಕು ಬೇಗ ಆಗುವವರು, ಮಕ್ಕಳು, ಬಾಯಿ ಒಣಗುವ ಔಷಧಿ ತೆಗೆದುಕೊಳ್ಳುವವರು ಎರಡೂ ಹೊತ್ತು ಫ್ಲೋರೈಡ್ ಪೇಸ್ಟೇ ಬಳಸಲಿ. ಅವರಿಗೆ ಈ ಹಂತ ಬೇಡವೇ ಬೇಡ.

ಬೇಕಾದದ್ದು: ಆಹಾರಕ್ಕೆ ಬಳಸುವ ದರ್ಜೆಯ ಕ್ಯಾಲ್ಸಿಯಂ ಕಾರ್ಬೊನೇಟ್ 40 ಗ್ರಾಂ, ಅಡುಗೆ ಸೋಡಾ 10 ಗ್ರಾಂ, ಬೇಕಿದ್ದರೆ ಪುಡಿಮಾಡಿದ ಕ್ಸೈಲಿಟಾಲ್ (ಸಕ್ಕರೆ ಬದಲು ಬಳಸುವ ಸಿಹಿ ವಸ್ತು) 5 ಗ್ರಾಂ. ಮನೆಯಲ್ಲಿ ನಾಯಿ ಇದ್ದರೆ ಕ್ಸೈಲಿಟಾಲ್ ತರಲೇಬೇಡಿ. ಸ್ವಲ್ಪ ತಿಂದರೂ ನಾಯಿಯ ರಕ್ತದ ಸಕ್ಕರೆ ದಿಢೀರ್ ಇಳಿಯುತ್ತದೆ.

ಯಾಕೆ ಇವೇ? ಗಟ್ಟಿತನ ಅಳೆಯುವ ಮೋಸ್ ಮಾಪಕದಲ್ಲಿ ಎನಾಮಲ್ ಸುಮಾರು 5. ಕ್ಯಾಲ್ಸಿಯಂ ಕಾರ್ಬೊನೇಟ್ 3, ಅಡುಗೆ ಸೋಡಾ 2.5. ಮೆತ್ತಗಿನದು ಗಟ್ಟಿಯದನ್ನು ಸುಲಭವಾಗಿ ಗೀಚುವುದಿಲ್ಲ. ಮರಳಿನ ಕಣ 7, ಅದು ಎನಾಮಲನ್ನು ಗೀಚಿಯೇ ಗೀಚುತ್ತದೆ. ಆದರೆ ವಸಡು ಇಳಿದು ಬೇರು ಕಾಣುತ್ತಿದ್ದರೆ ಅಲ್ಲಿರುವುದು ಮೆತ್ತಗಿನ ಡೆಂಟಿನ್. ಅಂಥವರಿಗೆ ಈ ಪುಡಿಯೂ ಒರಟೇ.

ಮೂರನ್ನೂ ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಸಲ ಹಿಡಿಯಿರಿ. ಚಿಟಿಕೆ ಪುಡಿಗೆ ನೀರು ಹನಿಸಿ ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ. ಒಂದೇ ಒಂದು ತರಿ ಸಿಕ್ಕಿದರೂ ಮತ್ತೆ ಜರಡಿ. ಹರಳುಪ್ಪು, ಸಿಪ್ಪೆಪುಡಿ, ಎಲೆಪುಡಿ ಯಾವುದನ್ನೂ "ಇನ್ನೂ ಒಳ್ಳೆಯದಾಗಲಿ" ಅಂತ ಸೇರಿಸಬೇಡಿ. ನಿಂಬೆಯಂತೂ ಮುಟ್ಟಲೇಬೇಡಿ.

ಬ್ರಷ್ಷನ್ನು ಡಬ್ಬಿಯೊಳಗೆ ಅದ್ದಬೇಡಿ. ಕಾಲು ಚಮಚ ಅಂಗೈಗೆ ಹಾಕಿಕೊಂಡು ಒದ್ದೆ ಬ್ರಷ್‌ನಿಂದ ಒತ್ತಿ ತೆಗೆದುಕೊಳ್ಳಿ. ಬ್ರಷ್ ಮೆತ್ತಗಿನದೇ ಇರಲಿ. ವಸಡಿನ ಕಡೆಗೆ ಓರೆಯಾಗಿ ಹಿಡಿದು ಎರಡು ನಿಮಿಷ ಸಣ್ಣ ಸುತ್ತು ಹಾಕಿ. ಒತ್ತಬೇಡಿ. ಒಂದು ತಿಂಗಳಿಗೇ ಬ್ರಷ್ಷಿನ ಎಳೆಗಳು ಅರಳಿಕೊಂಡರೆ ಕೈ ಭಾರವಾಗಿದೆ ಅಂತ ಅರ್ಥ. ಪೆನ್ನು ಹಿಡಿದ ಹಾಗೆ ಬೆರಳ ತುದಿಯಲ್ಲಿ ಹಿಡಿದು ನೋಡಿ, ಒತ್ತಡ ತಾನಾಗಿಯೇ ಕಡಿಮೆಯಾಗುತ್ತದೆ.

ರಾತ್ರಿ ಪೇಸ್ಟಿನಲ್ಲಿ ಉಜ್ಜಿದ ಮೇಲೆ ನೊರೆ ಉಗಿಯಿರಿ, ನೀರು ಹಾಕಿ ಮುಕ್ಕಳಿಸಬೇಡಿ. ಮುಕ್ಕಳಿಸಿದರೆ ಫ್ಲೋರೈಡ್ ಎಲ್ಲ ಸಿಂಕಿಗೆ ಹೋಗುತ್ತದೆ.

ಕೊಬ್ಬರಿ ಎಣ್ಣೆ ಸೇರಿಸಿ ಪೇಸ್ಟ್ ಮಾಡುವವರೂ ಇದ್ದಾರೆ. ಮಾಡಬಹುದು, ಆದರೆ ಚಳಿಗೆ ಕಲ್ಲಾಗುತ್ತದೆ, ಸಿಂಕಿನ ಪೈಪಿನಲ್ಲೂ ಕಲ್ಲಾಗುತ್ತದೆ. ಪುಡಿಯೇ ವಾಸಿ.

ಹಂತ 10: ಎಣ್ಣೆ ಮುಕ್ಕಳಿಸುವುದು, ಲವಂಗದ ಎಣ್ಣೆ

ಎಣ್ಣೆ ಮುಕ್ಕಳಿಸುವವರು 10 ಮಿಲಿ ಎಣ್ಣೆ, 5ರಿಂದ 10 ನಿಮಿಷ. ದವಡೆ ನೋಯುವಷ್ಟು ಬೇಡ. ಕಸದ ಬುಟ್ಟಿಗೆ ಉಗಿದು, ನೀರಿನಲ್ಲಿ ತೊಳೆದು, ಆಮೇಲೆ ಎಂದಿನಂತೆ ಉಜ್ಜಿ. ಉಜ್ಜುವ ಬದಲಿಗೆ ಇದಲ್ಲ. ಹುಳುಕು ಇದರಿಂದ ಮುಚ್ಚುವುದಿಲ್ಲ. ಮಕ್ಕಳಿಗೆ ಮಾಡಿಸಬೇಡಿ. ಕೆಮ್ಮು ಬಂದು ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ಲವಂಗದ ಎಣ್ಣೆಯಲ್ಲಿರುವ ಯುಜೆನಾಲ್ ನೋವನ್ನು ಮರಗಟ್ಟಿಸುತ್ತದೆ, ನಿಜ. ಹಾಗೇ ಹಚ್ಚಿದರೆ ವಸಡನ್ನೂ ಸುಡುತ್ತದೆ. ಒಂದು ಚಮಚ ಅಡುಗೆ ಎಣ್ಣೆಗೆ ಒಂದು ಹನಿ ಬೆರೆಸಿ, ಹತ್ತಿಯ ತುದಿಯಲ್ಲಿ ನೋಯುವ ಹಲ್ಲಿಗೆ ಮಾತ್ರ ಮುಟ್ಟಿಸಿ. ದಂತವೈದ್ಯರ ಹತ್ತಿರ ಹೋಗುವ ತನಕದ ಒಂದೆರಡು ದಿನಕ್ಕಷ್ಟೇ. ಮಕ್ಕಳಿಗೆ ಬೇಡ. ಸೀಸೆ ಅವರ ಕೈಗೆ ಸಿಗದ ಕಡೆ ಇರಲಿ, ನುಂಗಿದರೆ ಯಕೃತ್ತಿಗೆ ಪೆಟ್ಟು.

ಹಂತ 11: ಲೇಬಲ್, ಎಸೆಯುವ ದಿನ

ಪ್ರತಿ ಡಬ್ಬಿಯ ಮೇಲೆ ಮಾಡಿದ ದಿನ, ಎಸೆಯುವ ದಿನ, ಒಳಗೆ ಏನೇನಿದೆ, ಎಷ್ಟೆಷ್ಟಿದೆ ಎಂದು ಬರೆಯಿರಿ. ಮುಲಾಮಿಗೆ ಆರು ತಿಂಗಳು, ಒಣ ಪುಡಿಗಳಿಗೆ ಮೂರು ತಿಂಗಳು, ಫ್ರಿಜ್‌ನ ಜೆಲ್‌ಗೆ ನಾಲ್ಕು ದಿನ. ಮುಲಾಮು ಕಮಟು ವಾಸನೆ ಬಂದರೆ, ಪುಡಿ ಗಂಟು ಕಟ್ಟಿದರೆ, ಜೆಲ್ ಬಣ್ಣ ಬದಲಾಗಿ ನೀರು ಬಿಟ್ಟರೆ ದಿನ ಎಣಿಸುತ್ತ ಕೂರಬೇಡಿ. ಬೂಷ್ಟು ಬಂದ ಮೇಲ್ಪದರ ಮಾತ್ರ ತೆಗೆದು ಕೆಳಗಿನದ್ದು ಬಳಸುವುದು ಬೇಡ. ಬೇರುಗಳು ಕೆಳಗೂ ಇರುತ್ತವೆ.

ಹಂತ 12: ಯಾವಾಗ ನಿಲ್ಲಿಸಬೇಕು

ಚರ್ಮ: ಹಚ್ಚಿದ ಜಾಗ ಉರಿದರೆ ಕೂಡಲೇ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಅದರ ಮೇಲೆ ಇನ್ನೊಂದು ಮನೆಮದ್ದು ಹಚ್ಚಬೇಡಿ. ಬೊಬ್ಬೆ ಎದ್ದರೆ, ಕೀವು ಕಂಡರೆ, ನಿಲ್ಲಿಸಿ ಒಂದು ವಾರವಾದರೂ ದದ್ದು ಇಳಿಯದಿದ್ದರೆ ಚರ್ಮವೈದ್ಯರಿಗೆ ತೋರಿಸಿ. ತುಟಿ, ಕಣ್ಣು, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ ಕಾಯಬೇಡಿ, ಆಗಲೇ ತುರ್ತು ಚಿಕಿತ್ಸೆಗೆ ಹೋಗಿ.

ಹಲ್ಲು: ತಣ್ಣಗಿನದು, ಸಿಹಿ ಮುಟ್ಟಿದರೆ ಜುಂ ಅನ್ನುವುದು ಮೊದಲ ಸೂಚನೆ. ವಸಡಿನ ಬಳಿ ಹಳದಿ ಪಟ್ಟಿ, ಮುಂದಿನ ಹಲ್ಲಿನ ಅಂಚು ಗಾಜಿನಂತೆ ಪಾರದರ್ಶಕ ಆಗುವುದು ಆಮೇಲಿನವು. ಇವುಗಳಲ್ಲಿ ಒಂದು ಕಂಡರೂ ಹಲ್ಲುಪುಡಿ ನಿಲ್ಲಿಸಿ. ವಸಡಿನ ರಕ್ತ, ಬಾಯಿಹುಣ್ಣು ಎರಡು ವಾರ ದಾಟಿದರೆ ಉಪ್ಪುನೀರಿನ ಮೇಲೆ ಭಾರ ಹಾಕಿ ಕೂರಬೇಡಿ. ಕೆನ್ನೆ ಊದಿ ಜ್ವರ ಬಂದರೆ ಅದೇ ದಿನ ವೈದ್ಯರನ್ನು ಕಾಣಿ.

ಹೋಗುವಾಗ ಡಬ್ಬಿಯನ್ನೂ ತೆಗೆದುಕೊಂಡು ಹೋಗಿ. "ಏನು ಹಚ್ಚಿದ್ರಿ?" ಅಂತ ಅವರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಲೇಬಲ್ ಮೇಲೇ ಇರುತ್ತದೆ.